2147483647: ಅವಿಭಾಜ್ಯ ಅನ್ನೋದು ಬಿಟ್ಟರೆ ಈ ಸಂಖ್ಯೆಯಲ್ಲಿ ಇನ್ನೇನಿದೆ?

ಬೆಸ ಸಂಖ್ಯೆ ಕೇಳಿದ್ದು:

ಪ್ರೋಗ್ರಾಮ್ ಬರೆಯುವವರು ಈ ಸಂಖ್ಯೆಯನ್ನು ಒಂದಲ್ಲ ಒಂದು ದಿನ ನೋಡಿಯೇ ಇರುತ್ತೀರಿ. 32 ಬಿಟ್ ಜಾಗದಲ್ಲಿ, ಮೈನಸ್ ಸಂಖ್ಯೆಗಳಿಗೂ ಅವಕಾಶ ಇಟ್ಟುಕೊಂಡರೆ, ಹಿಡಿಸುವ ಅತಿ ದೊಡ್ಡ ಸಂಖ್ಯೆ ಇದು. 31 ಎರಡುಗಳನ್ನು ಗುಣಿಸಿ ಒಂದು ಕಳೆದರೆ ಬರುತ್ತದೆ, ಅಂದರೆ 2^31 − 1. ಇದು ಅವಿಭಾಜ್ಯ ಅಂತ ಎಲ್ಲ ಕಡೆ ಬರೆದಿರುತ್ತದೆ.

ಆದರೆ ಇದರ ಗುಣಗಳೇನು ಅಂತ ಹುಡುಕಿದರೆ ಸಿಗೋದು ಹತ್ತು ಅಂಕಿ ಇದೆ, ಅಂಕಿಗಳ ಮೊತ್ತ 46, ತಿರುಗಿಸಿ ಬರೆದರೆ 7463847412 ಅನ್ನೋ ಥರದ ಸಂಗತಿಗಳೇ. ಇವು ಸಂಖ್ಯೆಯ ಗುಣಗಳಲ್ಲ, ನಾವು ಬರೆಯುವ ರೀತಿಯ ಗುಣಗಳು ಅಷ್ಟೇ. ಹತ್ತರ ಬದಲು ಎಂಟರ ಲೆಕ್ಕದಲ್ಲಿ ಬರೆದರೆ ಎಲ್ಲ ಬದಲಾಗುತ್ತದೆ.

ನನಗೆ ತಿಳಿಯಬೇಕಾದ್ದು ಇಷ್ಟು. ಕಂಪ್ಯೂಟರ್‌ನ ಮಿತಿ ಅವಿಭಾಜ್ಯವೇ ಆಗಿರೋದು ಆಕಸ್ಮಿಕವಾ? 1772ರಲ್ಲಿ ಗಣಿತಜ್ಞ ಆಯ್ಲರ್ ಇದನ್ನು ಕೈಲೆಕ್ಕದಲ್ಲೇ ಸಾಧಿಸಿದರು ಅಂತ ಓದಿದೆ. ಇದರ ವರ್ಗಮೂಲ 46340 ಚಿಲ್ಲರೆ, ಅಲ್ಲಿವರೆಗೆ ಬರುವ ಅವಿಭಾಜ್ಯಗಳೇ 4800ರ ಹತ್ತಿರ ಇವೆ. ಅಷ್ಟೂ ಭಾಗಾಕಾರ ಮಾಡಿದರಾ? ಮತ್ತೆ ಸಂಖ್ಯೆ ಅವಿಭಾಜ್ಯವಾ ಅಂತ ನೋಡುವ ಫರ್ಮಾ ಪರೀಕ್ಷೆಯನ್ನು ನಾನೇ ಮಾಡಿದೆ. 2ಕ್ಕೆ 2147483646 ಘಾತ ಕೊಟ್ಟು 2147483647ರಿಂದ ಭಾಗಿಸಿದರೆ ಶೇಷ 1 ಬರುತ್ತದೆ. ಅವಿಭಾಜ್ಯ ಅನ್ನೋದಕ್ಕೆ ಇಷ್ಟು ಸಾಕಲ್ವಾ?


ಶೇಷ ಎಷ್ಟು ಬರೆದದ್ದು:

ಕೊನೇ ಪ್ರಶ್ನೆ ಮೊದಲು ತೆಗೆದುಕೊಳ್ಳುತ್ತೇನೆ. ಸಾಲದು. ಸಾಲದು ಅನ್ನೋದಕ್ಕಿಂತ, ಈ ಜಾತಿಯ ಸಂಖ್ಯೆಗೆ 2 ಇಟ್ಟು ಆ ಪರೀಕ್ಷೆ ಮಾಡಿದರೆ ಏನೂ ತಿಳಿಯೋದೇ ಇಲ್ಲ. 

2^11 − 1 ನೋಡಿ. ಅದು 2047, ಅಂದರೆ 23 × 89. ಅವಿಭಾಜ್ಯ ಅಲ್ಲ. ಆದರೂ ನಿಮ್ಮ ಪರೀಕ್ಷೆಯಲ್ಲಿ ಪಾಸಾಗುತ್ತದೆ. ಯಾಕೆ ಅಂದರೆ 2^11 = 2048, ಅದನ್ನು 2047ರಿಂದ ಭಾಗಿಸಿದರೆ ಶೇಷ 1. ಹಾಗಾಗಿ ಘಾತ 11ರ ಮಗ್ಗಿಯಲ್ಲಿ ಎಲ್ಲಿ ಬಂದರೂ ಶೇಷ 1 ಆಗಿಯೇ ಇರುತ್ತದೆ. 2046 = 11 × 186, ಮಗ್ಗಿಯಲ್ಲಿ ಬಂತು, ಮುಗೀತು. ನಿಮ್ಮದರಲ್ಲೂ ಇದೇ ಆಗಿದೆ: 2147483646 = 31 × 69273666. ಘಾತದ ಜಾಗದಲ್ಲಿ ಅವಿಭಾಜ್ಯ ಇದ್ದರೆ ಸಾಕು, ಈ ಥರದ ಸಂಖ್ಯೆ ತಾನು ಒಡೆಯುತ್ತೋ ಇಲ್ಲವೋ, 2ರ ಪರೀಕ್ಷೆಯಲ್ಲಿ ಪಾಸಾಗಿಯೇ ಆಗುತ್ತದೆ. ಕೋಡ್‌ನಲ್ಲಿ ಬೇಗ ಖಚಿತ ಉತ್ತರ ಬೇಕಿದ್ದರೆ ಫರ್ಮಾ ಪರೀಕ್ಷೆಗಿಂತ ಬಿಗಿಯಾದ ಮಿಲರ್-ರಾಬಿನ್ ಪರೀಕ್ಷೆಯನ್ನು 2, 3, 5, 7 ನಾಲ್ಕಕ್ಕೂ ಮಾಡಿ. 3215031751ಕ್ಕಿಂತ ಚಿಕ್ಕ ಯಾವ ಒಡೆಯುವ ಸಂಖ್ಯೆಯೂ ನಾಲ್ಕನ್ನೂ ದಾಟೋದಿಲ್ಲ ಅಂತ ಲೆಕ್ಕ ಹಾಕಿ ನೋಡಿದ್ದಾರೆ, ನಿಮ್ಮ ಸಂಖ್ಯೆ ಅದರೊಳಗೇ ಇದೆ.

ಈಗ ಆಯ್ಲರ್. ಅವರು 4800 ಭಾಗಾಕಾರ ಮಾಡಲಿಲ್ಲ. ಯಾವುದರಿಂದ ಭಾಗಿಸಿದರೆ ಉಪಯೋಗವೇ ಇಲ್ಲ ಅಂತ ಮೊದಲು ಕಂಡುಕೊಂಡರು. ಇದು ನಿಧಾನವಾಗಿ ನೋಡಬೇಕಾದ ಜಾಗ.

ಒಂದು ಅವಿಭಾಜ್ಯ ಈ ಸಂಖ್ಯೆಯನ್ನು ಭಾಗಿಸುತ್ತದೆ ಅಂತ ಇಟ್ಟುಕೊಳ್ಳಿ, ಅದಕ್ಕೆ 'ಕ' ಅನ್ನೋಣ. ಆಗ 2^31ನ್ನು ಕ-ದಿಂದ ಭಾಗಿಸಿದರೆ ಶೇಷ 1. 2ರ ಘಾತಗಳನ್ನು ಒಂದೊಂದಾಗಿ ಏರಿಸುತ್ತಾ ಹೋದರೆ ಶೇಷ 1 ಮೊದಲ ಸಲ ಬರೋದು ಎಷ್ಟನೇ ಘಾತಕ್ಕೋ, ಅದು 31ನ್ನು ಭಾಗಿಸಲೇಬೇಕು. 31 ಅವಿಭಾಜ್ಯ. ಹಾಗಾಗಿ ಅದು 1 ಇಲ್ಲವೇ 31. 1 ಆಗೋಕೆ ಸಾಧ್ಯವಿಲ್ಲ. ಇನ್ನೊಂದು ಕಡೆ, ಫರ್ಮಾ ಪ್ರಕಾರ 2ಕ್ಕೆ ಕ − 1 ಘಾತ ಕೊಟ್ಟರೂ ಶೇಷ 1. ಹಾಗಾದರೆ ಕ − 1ನ್ನು 31 ಭಾಗಿಸಬೇಕು. ಕ ಬೆಸ, ಕ − 1 ಸರಿಸಂಖ್ಯೆ, ಅಂದ ಮೇಲೆ 62 ಕೂಡ ಭಾಗಿಸಬೇಕು. ಒಂದೇ ಏಟಿಗೆ ಹೆಚ್ಚಿನವೆಲ್ಲ ಹೋದವು. 3, 5, 7, 11, 13 ಯಾವುದರಿಂದಲೂ ಭಾಗಿಸಿ ನೋಡೋದೇ ಬೇಡ.

ಅಲ್ಲಿಗೂ ನಿಲ್ಲೋದಿಲ್ಲ. 2^31ರ ಶೇಷ 1 ಆದರೆ 2^32ರ ಶೇಷ 2. ಆದರೆ 2^32 ಅನ್ನೋದು 2^16ರ ವರ್ಗ. ಅಂದರೆ ಕ-ದ ಶೇಷಗಳ ಲೆಕ್ಕದಲ್ಲಿ 2 ಒಂದು ವರ್ಗಸಂಖ್ಯೆ, ಒಂದು ವರ್ಗವನ್ನು ಕ-ದಿಂದ ಭಾಗಿಸಿದಾಗ 2 ಉಳಿಯುತ್ತದೆ. ಹಾಗಾಗೋದು ಕ-ವನ್ನು 8ರಿಂದ ಭಾಗಿಸಿದಾಗ ಶೇಷ 1 ಅಥವಾ 7 ಬಂದಾಗ ಮಾತ್ರ. ಎರಡೂ ಷರತ್ತು ಸೇರಿಸಿದರೆ ಕ-ವನ್ನು 248ರಿಂದ ಭಾಗಿಸಿದಾಗ ಶೇಷ 1 ಇಲ್ಲವೇ 63 ಬರಬೇಕು. ಬೇರೆ ದಾರಿ ಇಲ್ಲ.

ಹಾಗೆ ಬರುವ ಸಂಖ್ಯೆಗಳನ್ನು ಸಾಲಾಗಿ ಬರೆಯಿರಿ: 63, 249, 311, 497, 559, 745, 807, 993, 1055, 1241, 1303, 1489... ಇದರಲ್ಲಿ 63, 249, 497, 559 ಎಲ್ಲ ತಾವೇ ಒಡೆಯುವಂಥವು, ಬಿಟ್ಟುಬಿಡಿ. ಮೊದಲು ಸಿಗುವ ಅವಿಭಾಜ್ಯ 311. ಭಾಗಿಸಿದರೆ ಶೇಷ 35. ಆಮೇಲೆ ಒಂದೇ ಸಲಕ್ಕೆ 1303ಕ್ಕೆ ಜಿಗಿಯಬೇಕು. ಶೇಷ 226. ಹೀಗೆ 46340ರವರೆಗೆ ಹೋದರೆ ಸಾಲಿನಲ್ಲಿ ಸುಮಾರು 370 ಸಂಖ್ಯೆಗಳು, ಅವುಗಳಲ್ಲಿ ಅವಿಭಾಜ್ಯಗಳು ಬರೀ ಎಂಬತ್ತರ ಆಸುಪಾಸು. 4800 ಎಲ್ಲಿ, ಎಂಬತ್ತು ಎಲ್ಲಿ! ಒಂದೂ ಸರಿಯಾಗಿ ಭಾಗಿಸಲಿಲ್ಲ, ಆದ್ದರಿಂದ ಅವಿಭಾಜ್ಯ. 1772ರಲ್ಲಿ ಗಣಿತಜ್ಞ ಮೂರನೇ ಯೋಹಾನ್ ಬರ್ನೂಲಿಗೆ ಬರೆದ ಕಾಗದದಲ್ಲಿ ಆಯ್ಲರ್ ಇದನ್ನು ತಿಳಿಸಿದರು.


ಸುಮ್ನೆ ಓದುವವ ಬರೆದದ್ದು:

ಇದಕ್ಕೊಂದು ಹಿಂದಿನ ಕಥೆ ಸೇರಿಸುತ್ತೇನೆ. ಆಯ್ಲರ್‌ಗಿಂತ ಮೊದಲೇ ಕತಾಲ್ಡಿ ಅನ್ನೋ ಇಟಲಿಯ ಗಣಿತಜ್ಞ ಘಾತ 23, 29, 31, 37 ನಾಲ್ಕೂ ಅವಿಭಾಜ್ಯ ಕೊಡುತ್ತವೆ ಅಂದಿದ್ದರು. ಸರಿಯಾದದ್ದು 31 ಒಂದೇ. 2^23 − 1ನ್ನು 47 ಭಾಗಿಸುತ್ತದೆ, 2^29 − 1ನ್ನು 233, 2^37 − 1ನ್ನು 223. ಮೇಲೆ ಹೇಳಿದ ನಿಯಮ ಇಲ್ಲೂ ಕಾಣುತ್ತದೆ ನೋಡಿ: 46 ಅನ್ನೋದು 23ರ ಮಗ್ಗಿ, 232 ಅನ್ನೋದು 29ರದ್ದು, 222 ಅನ್ನೋದು 37ರದ್ದು.

1644ರಲ್ಲಿ ಫ್ರಾನ್ಸಿನ ಮರ್ಸೆನ್ ಕೊಟ್ಟ ಇಂಥ ಘಾತಗಳ ಪಟ್ಟಿಯಲ್ಲೂ 31 ಇತ್ತು. ಅದೇ ಪಟ್ಟಿಯಲ್ಲಿ 67 ಮತ್ತು 257 ತಪ್ಪಾಗಿ ಸೇರಿದ್ದವು, 61, 89, 107 ಬಿಟ್ಟುಹೋಗಿದ್ದವು. ಆದರೂ ಈ ಜಾತಿಯ ಸಂಖ್ಯೆಗಳಿಗೆ ಅವರ ಹೆಸರೇ ನಿಂತಿತು. 67ರ ವಿಷಯ ಪೂರ್ತಿ ತೀರ್ಮಾನವಾಗಿದ್ದು 1903ರಲ್ಲಿ, ಫ್ರಾಂಕ್ ಕೋಲ್ 2^67 − 1ನ್ನು 193707721 × 761838257287 ಅಂತ ಒಡೆದು ತೋರಿಸಿದಾಗ.

ಇನ್ನೊಂದು ತಮಾಷೆ. 1811ರಲ್ಲಿ ಪೀಟರ್ ಬಾರ್ಲೊ, 2147483647ರಿಂದ ಹುಟ್ಟುವ ಪರಿಪೂರ್ಣ ಸಂಖ್ಯೆಗಿಂತ (ತನ್ನ ಉಳಿದ ಭಾಜಕಗಳ ಮೊತ್ತಕ್ಕೆ ತಾನೇ ಸಮ ಆಗುವ ಸಂಖ್ಯೆ) ದೊಡ್ಡದನ್ನು ಯಾರೂ ಹುಡುಕಲು ಹೋಗುವುದಿಲ್ಲ, ಇವು ಬರೀ ಕುತೂಹಲಕ್ಕೆ ಸರಿ, ಉಪಯೋಗವಿಲ್ಲ ಅನ್ನೋ ಅರ್ಥದಲ್ಲಿ ಬರೆದುಬಿಟ್ಟರು. 2024ರ ಅಕ್ಟೋಬರ್‌ನಲ್ಲಿ ಸಿಕ್ಕ 2^136279841 − 1 ಅನ್ನೋ ಇದೇ ಜಾತಿಯ ಅವಿಭಾಜ್ಯದಲ್ಲಿ 41024320 ಅಂಕಿಗಳಿವೆ. ಉಪಯೋಗ ಇಲ್ಲ ಅನ್ನೋ ಮಾತು ಅದಕ್ಕೆ ಇವತ್ತಿಗೂ ಸಲ್ಲುತ್ತದೆ ಬಿಡಿ, ಆದರೂ ಜನ ಹುಡುಕುತ್ತಲೇ ಇದ್ದಾರೆ.


ಎರಡರ ಘಾತ ಬರೆದದ್ದು:

ಕಂಪ್ಯೂಟರ್ ಮಿತಿಯ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಅರ್ಧ ಆಕಸ್ಮಿಕ, ಅರ್ಧ ಅಲ್ಲ. ಬಿಟ್‌ಗಳು 8, 16, 32, 64 ಅಂತ ದುಪ್ಪಟ್ಟಾಗುತ್ತಾ ಬಂದವು. ಒಂದು ಬಿಟ್ ಚಿಹ್ನೆಗೆ ಹೋಗುತ್ತದೆ. ಉಳಿಯೋದು 7, 15, 31, 63. ಈಗ 15 = 3 × 5, ಘಾತವೇ ಒಡೆಯುವಂಥದ್ದು. ಘಾತ ಒಡೆದರೆ ಸಂಖ್ಯೆಯೂ ಒಡೆಯುತ್ತದೆ: 2^15 − 1 = 32767 = 7 × 31 × 151. 63ರ ಗತಿಯೂ ಅದೇ, 2^63 − 1ನ್ನು 7 ಎರಡು ಸಲ ಭಾಗಿಸುತ್ತದೆ. 7 ಮತ್ತು 31 ಅವಿಭಾಜ್ಯಗಳು, ಅದಕ್ಕೇ 127 ಮತ್ತು 2147483647ಕ್ಕೆ ಒಂದು ಅವಕಾಶ ಇತ್ತು. ಅವಕಾಶ ಅಷ್ಟೇ, ಗ್ಯಾರಂಟಿ ಅಲ್ಲ, 2047 ನೋಡಿದಿರಲ್ಲ. 128 ಬಿಟ್‌ಗೆ ಹೋದರೆ 2^127 − 1 ಮತ್ತೆ ಅವಿಭಾಜ್ಯ, 39 ಅಂಕಿಯದು.

ಆ 39 ಅಂಕಿಯದನ್ನು ಎಡ್ವರ್ಡ್ ಲೂಕಾ 1876ರಲ್ಲಿ ಸಾಧಿಸಿದರು. ಅದಕ್ಕೆ ಆಯ್ಲರ್ ದಾರಿ ಹಿಡಿದರೆ ಜನ್ಮ ಸಾಲದು. ಅವರ ವಿಧಾನವನ್ನು ಮುಂದೆ ಲೆಹ್ಮರ್ ಸರಳ ಮಾಡಿದರು, ಇವತ್ತು ಲೂಕಾ-ಲೆಹ್ಮರ್ ಪರೀಕ್ಷೆ ಅನ್ನೋದು ಅದನ್ನೇ. ಅದು ಇಷ್ಟೇ: 4ರಿಂದ ಶುರು ಮಾಡಿ. ವರ್ಗ ಮಾಡಿ, 2 ಕಳೆಯಿರಿ, ನಿಮ್ಮ ಸಂಖ್ಯೆಯಿಂದ ಭಾಗಿಸಿ ಶೇಷ ಇಟ್ಟುಕೊಳ್ಳಿ. ಘಾತಕ್ಕಿಂತ ಎರಡು ಕಡಿಮೆ ಸಲ ಹೀಗೆ ಮಾಡಿ. ಕೊನೆಗೆ ಸೊನ್ನೆ ಬಂದರೆ ಅವಿಭಾಜ್ಯ, ಬರದಿದ್ದರೆ ಅಲ್ಲ. ಬಹುಶಃ, ಇರಬಹುದು ಅನ್ನೋ ಮಾತೇ ಇಲ್ಲ.

127ಕ್ಕೆ, ಅಂದರೆ 2^7 − 1ಕ್ಕೆ, ಮಾಡಿ ತೋರಿಸುತ್ತೇನೆ, ಐದು ಸಲ ಸಾಕು. 4ರ ವರ್ಗದಿಂದ 2 ಕಳೆದರೆ 14. 14ರ ವರ್ಗ 196, 2 ಕಳೆದರೆ 194, ಶೇಷ 67. ಮುಂದೆ 4487, ಶೇಷ 42. ಮುಂದೆ 1762, ಶೇಷ 111. ಮುಂದೆ 12319, ಅದು 127 × 97, ಶೇಷ ಸೊನ್ನೆ. ಮುಗೀತು. 2047ಕ್ಕೆ ಒಂಬತ್ತು ಸಲ ಮಾಡಿದರೆ ಕೊನೆಗೆ 1736 ಉಳಿಯುತ್ತದೆ, ಹಾಗಾಗಿ ಅವಿಭಾಜ್ಯ ಅಲ್ಲ. ಯಾವುದು ಭಾಗಿಸುತ್ತದೆ ಅಂತ ಮಾತ್ರ ಇದು ಹೇಳೋದಿಲ್ಲ. ನಿಮ್ಮ 2147483647ಕ್ಕೆ 29 ಸಲ ಮಾಡಬೇಕು. ಕಾಗದ ಪೆನ್ನು ಹಿಡಿದು ಕೂತರೂ ಆಗದ ಕೆಲಸವೇನಲ್ಲ.

ಇಲ್ಲಿ ಒಂದು ಅನುಕೂಲ ಇದೆ, ಭಾಗಾಕಾರವನ್ನೇ ಮಾಡಬೇಕಾಗಿಲ್ಲ. 128 ಅನ್ನೋದು 127ಕ್ಕಿಂತ ಒಂದೇ ಜಾಸ್ತಿ. ಹಾಗಾಗಿ 1762ನ್ನು 13 × 128 + 98 ಅಂತ ಬಿಡಿಸಿ, 13ಕ್ಕೆ 98 ಕೂಡಿಸಿದರೆ 111. ಶೇಷ ಬಂದೇಬಿಟ್ಟಿತು. ಎರಡರ ಲೆಕ್ಕದಲ್ಲಿ ಬರೆದರೆ 128ರಿಂದ ಬಿಡಿಸೋದು ಅಂದರೆ ಕೊನೇ ಏಳು ಬಿಟ್ ಕತ್ತರಿಸೋದು ಅಷ್ಟೇ. 2147483647ಕ್ಕೆ ಕೊನೇ 31 ಬಿಟ್ ಕತ್ತರಿಸಿ, ಮೇಲಿನ ಭಾಗವನ್ನು ಕೆಳಗಿನದಕ್ಕೆ ಕೂಡಿಸಿ. ಹ್ಯಾಶ್ (ದತ್ತಾಂಶವನ್ನು ಚಿಕ್ಕ ಸಂಖ್ಯೆಯಾಗಿ ಮಾಡುವ ಲೆಕ್ಕ) ಬರೆಯುವವರಿಗೆ ಈ ಸಂಖ್ಯೆ ಇಷ್ಟ ಆಗೋದಕ್ಕೆ ಇದೇ ಕಾರಣ, ಶೇಷ ತೆಗೆಯೋದು ಬರೀ ಒಂದು ಕೂಡಿಸುವ ಕೆಲಸ.


ಬೆಸ ಸಂಖ್ಯೆ ಬರೆದದ್ದು:

ಅದ್ಭುತ. 311, 1303 ಎರಡನ್ನೂ ಭಾಗಿಸಿ ನೋಡಿದೆ, ಶೇಷ ಸರಿಯಾಗಿದೆ. ಆದರೆ ಇಲ್ಲಿವರೆಗೆ ಹೇಳಿದ್ದು ಹೆಚ್ಚಾಗಿ ಅವಿಭಾಜ್ಯ ಅಂತ ತೋರಿಸೋದು ಹೇಗೆ ಅನ್ನೋದರ ಬಗ್ಗೆ. ತೋರಿಸಿ ಆಯಿತು. ಆಮೇಲೆ? ಅವಿಭಾಜ್ಯ ಅಂದ ಮೇಲೆ ಒಳಗೆ ಬಿಡಿಸೋಕೆ ಏನೂ ಇರೋದಿಲ್ಲ. ಎರಡು ದೊಡ್ಡ ಅವಿಭಾಜ್ಯಗಳನ್ನು ಪಕ್ಕಪಕ್ಕ ಇಟ್ಟರೆ ಒಂದಕ್ಕೂ ಇನ್ನೊಂದಕ್ಕೂ ಏನು ವ್ಯತ್ಯಾಸ ಅಂತ ಹೇಳೋದು ಹೇಗೆ?


ಶೇಷ ಎಷ್ಟು ಬರೆದದ್ದು:

ಒಳಗೆ ನೋಡಬೇಡಿ, ಅಕ್ಕಪಕ್ಕದ ಮನೆಯವರನ್ನು ವಿಚಾರಿಸಿ. ಅವಿಭಾಜ್ಯದ ಗುಣ ತಿಳಿಯೋದು ಅದಕ್ಕಿಂತ ಒಂದು ಕಡಿಮೆ ಇರುವ ಸಂಖ್ಯೆ, ಒಂದು ಜಾಸ್ತಿ ಇರುವ ಸಂಖ್ಯೆ ಹೇಗೆ ಒಡೆಯುತ್ತವೆ ಅನ್ನೋದರಿಂದ.

ಒಂದು ಜಾಸ್ತಿ: 2147483648 = 2^31. ಬರೀ ಎರಡುಗಳು. ಲೂಕಾ-ಲೆಹ್ಮರ್ ಅಷ್ಟು ಸರಾಗವಾಗಿ ನಡೆಯೋದೇ ಈ ಕಾರಣಕ್ಕೆ. 2147483647ರಷ್ಟೇ ಉದ್ದದ ಇನ್ನೊಂದು ಅವಿಭಾಜ್ಯ, ಉದಾಹರಣೆಗೆ ಇದರ ಹಿಂದಿನ ಅವಿಭಾಜ್ಯ 2147483629, ಅದಕ್ಕೆ ಈ ಭಾಗ್ಯ ಇಲ್ಲ.

ಒಂದು ಕಡಿಮೆ: 2147483646 = 2 × 3 × 3 × 7 × 11 × 31 × 151 × 331. ಎಲ್ಲ ಚಿಕ್ಕ ಚಿಕ್ಕ ತುಂಡುಗಳು, ದೊಡ್ಡದು ಅಂದರೆ 331. ಇದೂ ಒಂದು ಗುಣವೇ. ಕೆಲವು ಗುಪ್ತಲಿಪಿ ವಿಧಾನಗಳಲ್ಲಿ ಇದು ದೋಷ ಆಗುತ್ತದೆ, ಯಾಕೆ ಅಂದರೆ ದೊಡ್ಡ ಕಷ್ಟದ ಲೆಕ್ಕವನ್ನು ಈ ಚಿಕ್ಕ ತುಂಡುಗಳ ಮೇಲೆ ಹಂಚಿ ಬಿಡಿಸಬಹುದು. ಹತ್ತು ಅಂಕಿಯ ಸಂಖ್ಯೆಯನ್ನು ಅದಕ್ಕೆಲ್ಲ ಯಾರೂ ಬಳಸೋದಿಲ್ಲ ಅನ್ನೋದು ಬೇರೆ ಮಾತು.

ಎರಡು ಕಡಿಮೆ ಮಾಡಿದರೆ ಕೊನೆಯಲ್ಲಿ 5, ಆದ್ದರಿಂದ ಒಡೆಯಿತು. ಎರಡು ಕೂಡಿಸಿದರೆ 2^31 + 1, ಅದನ್ನು 3 ಭಾಗಿಸುತ್ತದೆ. ಹಾಗಾಗಿ ಇದಕ್ಕೆ ಅವಳಿ ಅವಿಭಾಜ್ಯ ಇಲ್ಲ. ಹಿಂದಿನದು 18 ದೂರದಲ್ಲಿ, ಮುಂದಿನದು 2147483659, ಅದು 12 ದೂರದಲ್ಲಿ. ಈ ಎತ್ತರದಲ್ಲಿ ಸರಾಸರಿ 21-22 ಸಂಖ್ಯೆಗಳಿಗೊಂದು ಅವಿಭಾಜ್ಯ ಸಿಗುತ್ತದೆ, ಅದಕ್ಕೆ ಹೋಲಿಸಿದರೆ ಇವು ಹತ್ತಿರವೇ. ಎರಡರಿಂದ ಎಣಿಸುತ್ತಾ ಬಂದರೆ 2147483647 ಅನ್ನೋದು 105097565ನೇ ಅವಿಭಾಜ್ಯ.

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಇದನ್ನು ದುಪ್ಪಟ್ಟು ಮಾಡಿ ಒಂದು ಕೂಡಿಸಿ. 4294967295, ಅಂದರೆ 2^32 − 1. ಅದು 3 × 5 × 17 × 257 × 65537. ಇವು ಐದು ಏನು ಗೊತ್ತಾ? ಇಲ್ಲಿವರೆಗೆ ಸಿಕ್ಕಿರುವ ಫರ್ಮಾ ಅವಿಭಾಜ್ಯಗಳು ಅಷ್ಟೂ, ಅಂದರೆ 2ಕ್ಕೆ 1, 2, 4, 8, 16 ಥರದ ಘಾತ ಕೊಟ್ಟು ಒಂದು ಕೂಡಿಸಿದಾಗ ಬರುವ ಅವಿಭಾಜ್ಯಗಳು. ಬರೀ ಸ್ಕೇಲು ಮತ್ತು ಕೈವಾರ ಇಟ್ಟುಕೊಂಡು ಯಾವ ಸಮಬಹುಭುಜಗಳನ್ನು ಎಳೆಯಬಹುದು ಅನ್ನೋ ಹಳೇ ಪ್ರಶ್ನೆ ಇದೆಯಲ್ಲ, ಅದರಲ್ಲಿ ಬಾಹುಗಳ ಸಂಖ್ಯೆ ಬೆಸ ಆಗಿದ್ದರೆ ಅದು ಬೇರೆ ಬೇರೆ ಫರ್ಮಾ ಅವಿಭಾಜ್ಯಗಳ ಗುಣಲಬ್ಧ ಆಗಿರಬೇಕು. ಹಾಗಾಗಿ ಎಳೆಯಬಹುದು ಅಂತ ಗೊತ್ತಿರುವ ಬೆಸ ಬಾಹುಗಳ ಆಕೃತಿಗಳಲ್ಲಿ ಅತಿ ದೊಡ್ಡದಕ್ಕೆ 4294967295 ಬಾಹುಗಳು. ಕಂಪ್ಯೂಟರ್‌ನಲ್ಲಿ ಮೈನಸ್ ಬೇಡ ಅಂದಾಗ 32 ಬಿಟ್‌ನ ಮಿತಿಯೂ ಅದೇ ಸಂಖ್ಯೆ.

ಪರಿಪೂರ್ಣ ಸಂಖ್ಯೆ ಬಿಟ್ಟೆನಲ್ಲ. 2^30ರಿಂದ ಗುಣಿಸಿದರೆ 2305843008139952128. ತನ್ನನ್ನು ಬಿಟ್ಟು ತನ್ನ ಉಳಿದ ಭಾಜಕಗಳನ್ನೆಲ್ಲ ಕೂಡಿಸಿದರೆ ತಾನೇ ಬರುವ ಸಂಖ್ಯೆ. 6, 28, 496 ಅಂತ ಶುರುವಾಗುವ ಸಾಲಿನಲ್ಲಿ ಎಂಟನೆಯದು.


ಗುಣಕ ಬರೆದದ್ದು:

ಒಂದು ಕಡಿಮೆ ಇರುವ ಸಂಖ್ಯೆ ಯಾಕೆ ಮುಖ್ಯ ಅಂತ ಕೋಡ್ ಬರೆಯುವವರ ಕಡೆಯಿಂದ ಹೇಳುತ್ತೇನೆ. 1ರಿಂದ ಶುರು ಮಾಡಿ, 16807ರಿಂದ ಗುಣಿಸಿ, 2147483647ರಿಂದ ಭಾಗಿಸಿ ಶೇಷ ಇಟ್ಟುಕೊಳ್ಳಿ, ಮತ್ತೆ ಗುಣಿಸಿ. ಬರುವ ಸಾಲು 16807, 282475249, 1622650073, 984943658... ನೋಡಿದರೆ ತಲೆಬುಡ ಇಲ್ಲದ ಹಾಗೆ ಕಾಣುತ್ತದೆ ಅಲ್ವಾ? 1988ರಲ್ಲಿ ಪಾರ್ಕ್ ಮತ್ತು ಮಿಲರ್, ಯಾದೃಚ್ಛಿಕ ಸಂಖ್ಯೆ ಬೇಕಾದವರು ಕನಿಷ್ಠ ಇಷ್ಟಾದರೂ ಒಳ್ಳೆಯದನ್ನು ಬಳಸಿ ಅಂತ ಮುಂದಿಟ್ಟದ್ದು ಇದನ್ನೇ. ಸಿ ಪ್ಲಸ್ ಪ್ಲಸ್‌ನಲ್ಲಿ ಇದು ಈಗಲೂ ಇದೆ. ಸರಿಯಾಗಿ ಬರೆದಿದ್ದೀರಾ ಅಂತ ನೋಡಬೇಕಾದರೆ 1ರಿಂದ ಶುರು ಮಾಡಿ ಹತ್ತು ಸಾವಿರ ಸಲ ತಿರುಗಿಸಿ, 1043618065 ಬರಬೇಕು.

ಈ ಸಾಲು 1ರಿಂದ 2147483646ರವರೆಗಿನ ಪ್ರತಿಯೊಂದು ಸಂಖ್ಯೆಯನ್ನೂ ಒಂದೊಂದೇ ಸಲ ಮುಟ್ಟಿ ಆಮೇಲೆ 1ಕ್ಕೆ ವಾಪಸ್ ಬರುತ್ತದೆ. 16807 ಅಂದರೆ 7^5. 7ರ ಘಾತಗಳು ಎಲ್ಲ ಸಂಖ್ಯೆಗಳನ್ನೂ ಮುಟ್ಟುತ್ತವೆ, 7ಕ್ಕಿಂತ ಚಿಕ್ಕ ಯಾವುದಕ್ಕೂ ಆ ಶಕ್ತಿ ಇಲ್ಲ. ಮೇಲೆ ಕೊಟ್ಟ ತುಂಡುಗಳಲ್ಲಿ 5 ಇಲ್ಲ, ಹಾಗಾಗಿ 7ಕ್ಕೆ ಐದನೇ ಘಾತ ಕೊಟ್ಟರೂ ಶಕ್ತಿ ಹೋಗೋದಿಲ್ಲ. 7^3 ತೆಗೆದುಕೊಂಡಿದ್ದರೆ, ತುಂಡುಗಳಲ್ಲಿ 3 ಇದೆಯಲ್ಲ, ಮೂರನೇ ಒಂದು ಭಾಗಕ್ಕೇ ಸುತ್ತು ಮುಗಿದುಹೋಗುತ್ತಿತ್ತು. 2ರಿಂದ ಗುಣಿಸಿದರಂತೂ ಬರೀ 31 ಹೆಜ್ಜೆಗೆ ವಾಪಸ್ 1.

ಗುಟ್ಟು ಕಾಯುವ ಕೆಲಸಕ್ಕೆ ಮಾತ್ರ ಇದನ್ನು ಬಳಸಬೇಡಿ. ಸಾಲಿನ ಒಂದು ಸಂಖ್ಯೆ ಕಂಡರೆ ಮುಂದಿನದೆಲ್ಲ ಕಂಡ ಹಾಗೆ.


ಬೆಸ ಸಂಖ್ಯೆ ಬರೆದದ್ದು:

ಇನ್ನೊಂದೇ ಪ್ರಶ್ನೆ. 31 ಕೂಡ 2^5 − 1 ಅಲ್ವಾ. 5ರಿಂದ 31, 31ರಿಂದ 2147483647. ಇದನ್ನೇ ಮತ್ತೆ ಘಾತಕ್ಕೆ ಏರಿಸಿದರೆ? 2^2147483647 − 1 ಅವಿಭಾಜ್ಯವಾ?


ಎರಡರ ಘಾತ ಬರೆದದ್ದು:

ಅಲ್ಲ. ಅದನ್ನು 295257526626031 ಭಾಗಿಸುತ್ತದೆ. ಸಂಖ್ಯೆಯಲ್ಲಿ 64 ಕೋಟಿಗಿಂತ ಜಾಸ್ತಿ ಅಂಕಿಗಳಿವೆ, ಭಾಗಿಸುವುದು ಬರೀ 15 ಅಂಕಿಯದು. ನಿಯಮ ಇಲ್ಲೂ ಅದೇ: ಅದರಿಂದ ಒಂದು ಕಳೆದರೆ 2 × 68745 × 2147483647. ಕ್ಯಾಲ್ಕುಲೇಟರ್‌ನಲ್ಲಿ ಗುಣಿಸಿ ನೋಡಿ. ಭಾಗಿಸುತ್ತದೆ ಅಂತ ಪರೀಕ್ಷಿಸೋದಕ್ಕೆ ಇಡೀ 64 ಕೋಟಿ ಅಂಕಿ ಬರೆಯಬೇಕಾಗಿಲ್ಲ. ಘಾತವನ್ನು ಎರಡರ ಲೆಕ್ಕದಲ್ಲಿ ಬರೆದರೆ 31 ಒಂದುಗಳು, ಹಾಗಾಗಿ 2ರಿಂದ ಶುರು ಮಾಡಿ ವರ್ಗ ಮಾಡಿ, 2ರಿಂದ ಗುಣಿಸಿ, ಶೇಷ ಇಟ್ಟುಕೊಳ್ಳುತ್ತಾ 30 ಸಲ ತಿರುಗಿಸಿದರೆ ಕೊನೆಗೆ ಶೇಷ 1 ಬರುತ್ತದೆ.

ಇನ್ನೊಂದು ಸರಪಳಿ ಇದೆ, 2, 3, 7, 127, 2^127 − 1. ಪ್ರತಿಯೊಂದೂ ಹಿಂದಿನದನ್ನು ಘಾತ ಮಾಡಿ ಒಂದು ಕಳೆದದ್ದು, ಐದೂ ಅವಿಭಾಜ್ಯ. ಆರನೆಯದು ಏನು ಅಂತ ಯಾರಿಗೂ ಗೊತ್ತಿಲ್ಲ. ಲೂಕಾ-ಲೆಹ್ಮರ್ ಮಾಡೋಣ ಅಂದರೆ ತಿರುಗಿಸಬೇಕಾದ ಸಲಗಳ ಎಣಿಕೆಯೇ 39 ಅಂಕಿ. ಉಳಿದಿರೋದು ಆಯ್ಲರ್ ದಾರಿ ಒಂದೇ, ಸರಿಯಾದ ಶೇಷ ಕೊಡುವ ಅವಿಭಾಜ್ಯಗಳನ್ನು ಒಂದೊಂದಾಗಿ ಹಿಡಿದು ಭಾಗಿಸಿ ನೋಡೋದು. ಅದನ್ನು ಮಾಡುವವರಿದ್ದಾರೆ, ಇಲ್ಲಿವರೆಗೆ ಒಂದೂ ಭಾಗಿಸಿಲ್ಲ.